ಸಿಹಿನೀರಿನ ಜಾಡು ಹಿಡಿದು

(ಮಗನನ್ನು ನೋಡಲು ಅಮೆರಿಕಕ್ಕೆ ಹೋಗಿದ್ದ ಸಾಗರದ ದಂಪತಿ ಅಲ್ಲಿಂದ ಲಾಸ್ ವೇಗಸ್ಸನ್ನೂ ಸುತ್ತಿ ಬಂದವರು. ಈಗ ಅವರು ಬಹರೈನ್‌ನ ಸನದ್‌ನಲ್ಲಿ ನೆಲೆಸಿರುವ ಗೆಳತಿಯ ಮನೆಗೆ ಬಂದಿದ್ದಾರೆ. ಎಲ್ಲಿಗೆ ಹೋಗಬೇಕು, ಯಾವುದನ್ನು ಮೊದಲು ನೋಡಬೇಕು ಎಂದು ಮೂವರೂ ಕೂತು ಆಡಿದ ಮಾತು ಇದು.)

ಅವನು: ನನಗೆ ಲಾಸ್ ವೇಗಸ್ ಇಷ್ಟವಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಜೂಜಾಡಲು ಹೋದವರಲ್ಲ, ಆಡಲೂ ಇಲ್ಲ. ಮನುಷ್ಯ ಮರಳುಗಾಡಿನಲ್ಲಿ ಏನನ್ನು ಎಬ್ಬಿಸಿ ನಿಲ್ಲಿಸಬಲ್ಲ ಅನ್ನುವುದನ್ನು ನೋಡಲು ಹೋದವರು. ಸ್ಫಿಯರ್ ಎಂಬ ಗೋಳ ಇದೆಯಲ್ಲ, 2023ರಲ್ಲಿ ತೆರೆದದ್ದು, 112 ಮೀಟರ್ ಎತ್ತರ. ಅದರ ಹೊರಮೈ ಪೂರ್ತಿ ಬೆಳಕಿನ ಪರದೆ. ರಾತ್ರಿ ಅದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅವಳು: ನನಗೆ ಹಿಡಿಸಿದ್ದು ಹಳೆಯ ಪೇಟೆ. ಫ್ರೀಮಾಂಟ್ ಬೀದಿಯಲ್ಲಿ 1906ರ ಗೋಲ್ಡನ್ ಗೇಟ್ ಹೋಟೆಲ್ ಇನ್ನೂ ನಿಂತಿದೆ. ಆಮೇಲೆ ನಿಯಾನ್ ಮ್ಯೂಸಿಯಂ. ಮುಚ್ಚಿಹೋದ, ಕೆಡವಿದ ಹೋಟೆಲುಗಳ ಫಲಕಗಳನ್ನು ಅಲ್ಲಿ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದಾರೆ. ಆ ಊರಿಗೆ ಕೆಡವುವುದೇ ಒಂದು ಪ್ರದರ್ಶನ. 1957ರ ಟ್ರಾಪಿಕಾನಾ ಹೋಟೆಲನ್ನು 2024ರ ಅಕ್ಟೋಬರ್‌ನಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಅದಕ್ಕೂ ಡ್ರೋನು, ಪಟಾಕಿ ಎಲ್ಲ ಇತ್ತಂತೆ. ಅರವತ್ತು ವರ್ಷ ಅನ್ನ ಕೊಟ್ಟ ಕಟ್ಟಡವನ್ನು ಹಾಗೆ ಕಳಿಸಿಕೊಡುವುದು ನನಗೆ ಸರಿಬರಲಿಲ್ಲ.

ಸನದಿನಾಕೆ: ಜೂಜಿನ ಮೇಜನ್ನು ಹುಡುಕಿ ಬಂದವರಿಗೆ ಬಹರೈನ್‌ನಲ್ಲಿ ಏನೂ ಇಲ್ಲ. ಇಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆಯಿಲ್ಲ. ಕೊಲ್ಲಿಯ ಮೊದಲ ಕ್ಯಾಸಿನೊ ರೆಸಾರ್ಟ್ ಏಳುತ್ತಿರುವುದು ಅತ್ತ ರಾಸ್ ಅಲ್ ಖೈಮಾದ ಅಲ್ ಮರ್ಜಾನ್ ದ್ವೀಪದಲ್ಲಿ. ಅದಕ್ಕೆ 2024ರಲ್ಲಿ ಪರವಾನಗಿ ಸಿಕ್ಕಿತು. ಆ ದ್ವೀಪವೂ ಕಡಲು ತುಂಬಿ ಮಾಡಿದ್ದೇ. ಅದಿರಲಿ, ವೇಗಸ್‌ನಲ್ಲಿ ನೀವು ಒರತೆ ನೋಡಿದಿರಾ?

ಅವಳು: ನೋಡಿದೆವು! ಸ್ಪ್ರಿಂಗ್ಸ್ ಪ್ರಿಸರ್ವ್ ಅಂತ 2007ರಲ್ಲಿ ತೆರೆದ ಉದ್ಯಾನ. ಆ ಊರು ಅಲ್ಲೇ ಹುಟ್ಟಿದ್ದಂತೆ. ಮರಳುಗಾಡಿನ ನಡುವೆ ನೀರು ಚಿಮ್ಮಿ ಹುಲ್ಲುಗಾವಲು ಹಬ್ಬಿತ್ತು, ದಾರಿಹೋಕರು ಅಲ್ಲಿ ತಂಗುತ್ತಿದ್ದರು. ನೀರಿದ್ದದ್ದರಿಂದ ರೈಲು ಬಂತು, ರೈಲು ಬಂದದ್ದರಿಂದ 1905ರಲ್ಲಿ ನಿವೇಶನಗಳ ಹರಾಜಾಗಿ ಊರಾಯಿತು. 1931ರಲ್ಲಿ ನೆವಾಡಾ ಜೂಜಿಗೆ ಒಪ್ಪಿಗೆ ಕೊಟ್ಟಿತು. ಕೊಳವೆ ಇಳಿಸಿ ಇಳಿಸಿ ನೀರೆತ್ತಿ, 1962ರ ಹೊತ್ತಿಗೆ ಒರತೆ ನಿಂತೇಹೋಯಿತು. ಈಗ ಅವರು ಕುಡಿಯುವುದು ಬಹುಪಾಲು ಕೊಲರಾಡೋ ನದಿಯ ನೀರು.

ಸನದಿನಾಕೆ: ಹಾಗಾದರೆ ಬಹರೈನ್ ನಿಮಗೆ ಬೇಗ ಅರ್ಥವಾಗುತ್ತದೆ. ಇಲ್ಲಿಗೆ ಬಂದವರೆಲ್ಲ ‘ಹಳೆಯದು ಯಾವುದು, ಹೊಸದು ಯಾವುದು’ ಎಂದು ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ. ನಾನು ಬೇರೆ ದಾರಿ ಹೇಳುತ್ತೇನೆ. ನೀರಿನ ಜಾಡು ಹಿಡಿಯಿರಿ. ಈ ದ್ವೀಪದ ಹಳೆಯ ಜಾಗಗಳೆಲ್ಲ ಸಿಹಿನೀರು ಉಕ್ಕಿದ ಕಡೆ ಹುಟ್ಟಿದವು. ಹೊಸ ಜಾಗಗಳಲ್ಲಿ ಬಹಳಷ್ಟು ಕಡಲನ್ನು ಮುಚ್ಚಿದ ಕಡೆ ಎದ್ದವು. ಇಷ್ಟು ಮನಸ್ಸಿನಲ್ಲಿದ್ದರೆ ನೋಡಿದ್ದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಅವನು: ಸರಿ, ಎಲ್ಲಿಂದ ಶುರು? ಮನಾಮದಿಂದಲೋ?

ಸನದಿನಾಕೆ: ಇಲ್ಲಿಂದಲೇ, ಸನದ್‌ನಿಂದ. ಇಲ್ಲಿಗೆ ಹತ್ತಿರವೇ ತುಬ್ಲಿ ಕೊಲ್ಲಿ. ಅದರ ಅಂಚಿನ ರಾಸ್ ಸನದ್‌ನಲ್ಲಿ ಕಾಂಡ್ಲಾ ಕಾಡಿದೆ. ಈ ದ್ವೀಪದಲ್ಲಿ ತಾನಾಗಿ ಬೆಳೆದು ಉಳಿದ ಕಾಂಡ್ಲಾ ಅಂದರೆ ಇದೇ.

ಅವಳು: ಕುಂದಾಪುರದ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿ ಅಳಿವೆಯಲ್ಲಿ ಇರುವಂಥದ್ದೇ?

ಸನದಿನಾಕೆ: ಅಲ್ಲಿ ಹಲವು ಬಗೆಯ ಕಾಂಡ್ಲಾ ಇದೆ, ಇಲ್ಲಿ ಒಂದೇ ಜಾತಿ, ಅವಿಸೀನಿಯಾ ಮರೀನಾ. ಮಳೆಯೇ ಅಪರೂಪವಾದ ನಾಡಿನಲ್ಲಿ, ಈ ಸೆಕೆಯಲ್ಲಿ, ಇಷ್ಟು ಉಪ್ಪಿನಲ್ಲಿ ಹಸಿರಾಗಿ ನಿಲ್ಲಬಲ್ಲ ಗಟ್ಟಿ ಜೀವ ಅದು. ಬೇರು ಕೆಸರಿನಿಂದ ಮೇಲೆ ಚಾಚಿ ಉಸಿರಾಡುತ್ತದೆ, ಎಲೆ ಉಪ್ಪನ್ನು ಬೆವರುತ್ತದೆ. ಕಾಂಡ್ಲಾದ ಬುಡದಲ್ಲಿ ಸಿಗಡಿ, ಮೀನುಗಳ ಮರಿ ಬೆಳೆಯುತ್ತವೆ. ಚಳಿಗಾಲದಲ್ಲಿ ರಾಜಹಂಸಗಳು ಬಂದು ಇಳಿಯುತ್ತವೆ. 1997ರಲ್ಲಿ ತುಬ್ಲಿ ಕೊಲ್ಲಿಯನ್ನೂ ಹವಾರ್ ದ್ವೀಪಗಳನ್ನೂ ರಾಮ್ಸರ್ ಪಟ್ಟಿಗೆ ಸೇರಿಸಿದರು, ಅಂದರೆ ಜಗತ್ತು ಕಾಪಾಡಬೇಕಾದ ಜೌಗು ನೆಲ ಎಂದು. ಅಷ್ಟರಲ್ಲಿ ಮಣ್ಣು ತುಂಬಿ ತುಂಬಿ ಕೊಲ್ಲಿ ಬಹಳ ಕಿರಿದಾಗಿಬಿಟ್ಟಿತ್ತು. ಒಂದು ಕಾಲದಲ್ಲಿ ಇದ್ದದ್ದರ ಅರ್ಧದಷ್ಟು ಉಳಿದಿದೆ.

ಅವನು: ತುಂಬಿದ ನೆಲದಲ್ಲೂ ಜನ ಬಾಳುತ್ತಿದ್ದಾರಲ್ಲ? ಇಷ್ಟು ಚಿಕ್ಕ ದೇಶ. ಮನೆ, ರಸ್ತೆ, ಬಂದರು ಎಲ್ಲಕ್ಕೂ ನೆಲ ಬೇಕು. ನಾವೀಗ ಕೂತಿರುವ ಈ ಬಡಾವಣೆಯೂ ಒಂದು ಕಾಲಕ್ಕೆ ಹೀಗಿರಲಿಲ್ಲ.

ಸನದಿನಾಕೆ: ಅದನ್ನು ನಾನು ಅಲ್ಲಗಳೆಯುವುದಿಲ್ಲ. 1960ರ ದಶಕದಿಂದ ಈಚೆಗೆ ಈ ದೇಶ ಸುಮಾರು ನೂರು ಚದರ ಕಿಲೋಮೀಟರ್ ನೆಲವನ್ನು ಕಡಲಿನಿಂದ ಪಡೆದಿದೆ. ಆ ನೆಲದಲ್ಲಿ ನಮ್ಮಂಥವರ ಬದುಕೂ ಇದೆ. ಪಡೆದದ್ದನ್ನು ನೆನಪಿಟ್ಟುಕೊಂಡು ಏನು ಹಿಂದಿರುಗಿಸುತ್ತೇವೆ ಅನ್ನುವುದು ನನ್ನ ಪ್ರಶ್ನೆ. 2035ರ ಹೊತ್ತಿಗೆ ಕಾಂಡ್ಲಾವನ್ನು ನಾಲ್ಕು ಪಟ್ಟು ಮಾಡುತ್ತೇವೆಂದು ಬಹರೈನ್ 2021ರಲ್ಲಿ ಮಾತು ಕೊಟ್ಟಿದೆ. ರಾಸ್ ಸನದ್ ನೋಡಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ.

ಅವಳು: ಆಮೇಲೆ ಒರತೆಗಳು?

ಸನದಿನಾಕೆ: ಮನಾಮದ ಕಡೆ ಹೋಗುವಾಗ ಅಧಾರಿ ಸಿಗುತ್ತದೆ. ಈಗ ಅದು ಮಕ್ಕಳು ಆಡುವ ದೊಡ್ಡ ಪಾರ್ಕು. ಒಳಗಿರುವ ಕೊಳ ಒಂದಾನೊಂದು ಕಾಲದಲ್ಲಿ ದ್ವೀಪದ ಹೆಸರಾಂತ ಒರತೆ. ಅದರ ನೀರು ಕಾಲುವೆಗಳಲ್ಲಿ ಹರಿದು ದೂರದ ಖರ್ಜೂರದ ತೋಟಗಳನ್ನು ಸಾಕುತ್ತಿತ್ತು. ಇಲ್ಲಿಯವರಲ್ಲಿ ಒಂದು ಗಾದೆ ಇದೆ: ಅಧಾರಿ ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಮರೆಯುತ್ತದೆ. ಮನೆಯವರನ್ನು ಬಿಟ್ಟು ಊರವರಿಗೆ ಉಪಕಾರ ಮಾಡುವವರನ್ನು ಕಂಡರೆ ಇಲ್ಲಿ ಆ ಮಾತು ಬರುತ್ತದೆ.

ಅವನು: ಈಗ ಒರತೆ ಹೇಗಿದೆ?

ಸನದಿನಾಕೆ: ಕೊಳ ತುಂಬಿದೆ, ಆದರೆ ಆ ನೀರು ನೆಲದಿಂದ ತಾನಾಗಿ ಉಕ್ಕಿದ್ದಲ್ಲ. ಕಳೆದ ಶತಮಾನದಲ್ಲಿ ಬಾವಿ ಕೊರೆದು ಯಂತ್ರ ಹಚ್ಚಿದ ಮೇಲೆ ಅಂತರ್ಜಲ ಕುಸಿಯಿತು, ಅದರೊಳಗೆ ಉಪ್ಪುನೀರು ನುಗ್ಗಿತು, ಒರತೆಗಳು ಒಂದೊಂದಾಗಿ ನಿಂತವು. ಇವತ್ತು ನಮ್ಮ ನಲ್ಲಿಯಲ್ಲಿ ಬರುವುದು ಬಹುಪಾಲು ಕಡಲನ್ನು ಸಿಹಿ ಮಾಡಿದ ನೀರು. ವೇಗಸ್‌ನಲ್ಲಿ ನೀವು ಕಂಡ ಕಥೆಯೇ ಇದು.

ಅವಳು: ಮೊದಲು ಎಷ್ಟು ನೀರಿತ್ತು ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ಸನದಿನಾಕೆ: ಬಾರ್ಬಾರ್‌ಗೆ ಹೋದರೆ ಗೊತ್ತಾಗುತ್ತದೆ. ಉತ್ತರದ ತೀರದ ಹತ್ತಿರ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದೇಗುಲ. ಒಂದರ ಮೇಲೊಂದು ಮೂರು ಸಲ ಕಟ್ಟಿದ್ದಾರೆ. 1954ರಿಂದ ಡೆನ್ಮಾರ್ಕಿನ ತಜ್ಞರು ಅದನ್ನು ಅಗೆದು ತೆಗೆದರು. ಮೇಲೆ ಪೂಜೆಯ ಕಟ್ಟೆ, ಅಲ್ಲಿಂದ ಮೆಟ್ಟಿಲಿಳಿದರೆ ಕಲ್ಲು ಕಟ್ಟಿದ ಒರತೆಯ ಬಾವಿ. ಇಕ್ಕೇರಿ, ಕೆಳದಿಯ ಕಡೆಯವರಾದ ನಿಮಗೆ ಅಲ್ಲಿ ನಿಂತ ಕೂಡಲೇ ಕಲ್ಯಾಣಿ ನೆನಪಾಗುತ್ತದೆ. ದೇವರು ಮತ್ತು ನೀರು ಒಂದೇ ಅಂಗಳದಲ್ಲಿ. ಅಲ್ಲಿ ಸಿಕ್ಕ ತಾಮ್ರದ ಗೂಳಿಯ ತಲೆ ಈಗ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿದೆ.

ಅವಳು: ಇದೇ ದಿಲ್ಮುನ್ ಅಲ್ಲವೆ? ಸುಮೇರಿನ ಕಥೆಗಳಲ್ಲಿ ಬರುವ ಪುಣ್ಯಭೂಮಿ?

ಸನದಿನಾಕೆ: ಹೌದು. ಸುಮೇರಿನ ಪುರಾಣದಲ್ಲಿ ದಿಲ್ಮುನ್‌ಗೆ ಮೊದಲು ನೀರಿರಲಿಲ್ಲ. ನೆಲದಡಿಯ ಸಿಹಿನೀರಿನ ಒಡೆಯ ಎಂಕಿ ದೇವರು ಅಲ್ಲಿ ನೀರುಕ್ಕಿಸುತ್ತಾನೆ. ಗಿಲ್ಗಮೇಶನ ಕಥೆಯಲ್ಲಿ ನಾಯಕ ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನಾಳಕ್ಕೆ ಇಳಿದು ಮುಪ್ಪು ಕಳೆಯುವ ಗಿಡವನ್ನು ಕಿತ್ತು ತರುತ್ತಾನೆ, ಹಾವು ಅದನ್ನು ತಿಂದುಬಿಡುತ್ತದೆ. ಇಲ್ಲಿನ ಮುತ್ತಿನವರು ಮೊನ್ನೆಮೊನ್ನೆಯವರೆಗೂ ಹಾಗೇ ಕಲ್ಲಿನ ಭಾರದಲ್ಲಿ ಕಡಲಿಗೆ ಇಳಿಯುತ್ತಿದ್ದರು. ಕಲಾತ್ ಅಲ್ ಬಹರೈನ್‌ನಲ್ಲಿ ಮಣ್ಣಿನ ಬಟ್ಟಲುಗಳೊಳಗೆ ಹಾವಿನ ಎಲುಬು, ಜತೆಗೊಂದು ಮಣಿ ಇಟ್ಟು ನೆಲದಡಿ ಹೂತದ್ದು ಸಿಕ್ಕಿದೆ. ಉತ್ಖನನ ಮಾಡಿದ ಜೆಫ್ರಿ ಬಿಬಿ ಈ ಬಟ್ಟಲುಗಳನ್ನೂ ಗಿಲ್ಗಮೇಶನ ಕಥೆಯನ್ನೂ ಜೋಡಿಸಿ ನೋಡಿದ. ಹಾವಿಗೂ ಅಮರತ್ವಕ್ಕೂ ನಂಟು ಕಟ್ಟಿದ ಊರು ಇದು.

ಅವನು: ಕಲಾತ್ ಅಂದರೆ ಆ ಪೋರ್ಚುಗೀಸರ ಕೋಟೆಯೇ?

ಸನದಿನಾಕೆ: ಮೇಲೆ ಕಾಣುವುದು ಕೋಟೆ. ಅದು ನಿಂತಿರುವ ದಿಬ್ಬವೇ ನಿಜವಾದ ಅಚ್ಚರಿ. ಕ್ರಿಸ್ತಪೂರ್ವ 2300ರ ಸುಮಾರಿನಿಂದ ಹದಿನಾರನೇ ಶತಮಾನದವರೆಗೆ ಜನ ಅಲ್ಲೇ ಕಟ್ಟಿದರು, ಬಿದ್ದದ್ದರ ಮೇಲೆ ಮತ್ತೆ ಕಟ್ಟಿದರು. ಆ ಮಣ್ಣೆಲ್ಲ ಸೇರಿ ದಿಬ್ಬವಾಯಿತು. ದಿಲ್ಮುನ್‌ನ ರಾಜಧಾನಿ, ಬಂದರು ಎರಡೂ ಅದೇ. ಅಗೆದಿರುವುದು ಸುಮಾರು ಕಾಲುಭಾಗ ಮಾತ್ರ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ 2008ರಲ್ಲಿ ತೆರೆದ ಮ್ಯೂಸಿಯಂ ಇದೆ, ಒಂದೊಂದು ಪದರವನ್ನೂ ಗೋಡೆಯ ಮೇಲೆ ಕಾಣಬಹುದು. ಅಲ್ಲಿ ಸಿಂಧೂ ಕಣಿವೆಯ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ. ಮೆಲುಹ್ಹಾದ, ಅಂದರೆ ನಮ್ಮ ಕಡೆಯ, ಕೆಂಪು ಮಣಿ ಮತ್ತು ದಂತ, ಮಗಾನ್ ಎಂಬ ನಾಡಿನ ತಾಮ್ರ, ಎಲ್ಲವೂ ಇದೇ ಬಂದರನ್ನು ಹಾದು ಮೆಸೊಪೊಟೇಮಿಯಕ್ಕೆ ಹೋಗುತ್ತಿತ್ತು. ಹಡಗು ಇಲ್ಲಿ ಯಾಕೆ ನಿಲ್ಲುತ್ತಿತ್ತು ಹೇಳಿ?

ಅವಳು: ಕುಡಿಯುವ ನೀರಿಗೆ.

ಸನದಿನಾಕೆ: ಅದೇ. ನಿಮ್ಮ ಸೀಮೆಗೂ ಇದಕ್ಕೂ ಒಂದು ಎಳೆ ಇದೆ. ಗುಜರಾತಿನ ಲೋಥಲ್ ಅಗೆದವರು ಎಸ್. ಆರ್. ರಾವ್, ಶಿಕಾರಿಪುರ ರಂಗನಾಥ ರಾವ್. ಅಲ್ಲಿ ಅವರಿಗೆ ಗುಂಡಗಿನ ಒಂದು ಮುದ್ರೆ ಸಿಕ್ಕಿತು. ಸಿಂಧೂ ಮುದ್ರೆಗಳಂತೆ ಅದು ಚೌಕವಾಗಿರಲಿಲ್ಲ. ಬಹರೈನ್‌ನ ನೆಲದಲ್ಲಿ ಡೇನರಿಗೆ ಸಿಗುತ್ತಿದ್ದ ಮುದ್ರೆಗಳ ಜಾತಿಯದು. 1963ರಲ್ಲಿ ರಾವ್ ಅದರ ಬಗ್ಗೆ ಬರೆದರು. ಈ ಕಡಲಿನ ಎರಡು ದಡಗಳ ವ್ಯಾಪಾರಕ್ಕೆ ಒಂದು ಕೈಗೆ ಸಿಗುವ ಸಾಕ್ಷಿಯಾಯಿತು ಆ ಪುಟ್ಟ ಮುದ್ರೆ.

ಅವನು: ಆನಂದಪುರದವರು ಅವರು! ನಮ್ಮ ತಾಲೂಕೇ. ಅವರನ್ನು ನಾನು ದ್ವಾರಕೆಯ ಮುಳುಗಿದ ಪಟ್ಟಣದ ಜತೆ ಮಾತ್ರ ಜೋಡಿಸಿಕೊಂಡಿದ್ದೆ.

ಸನದಿನಾಕೆ: ಹಾಗಿದ್ದರೆ ಕಲಾತ್‌ನಲ್ಲಿ ನಿಮಗೆ ಪರದೇಶ ಅನ್ನಿಸುವುದಿಲ್ಲ. ಅಲ್ಲಿಂದ ಆಲಿಗೆ ಬನ್ನಿ. ದಿಲ್ಮುನ್‌ನವರ ಸಮಾಧಿ ದಿಣ್ಣೆಗಳು. ಕ್ರಿಸ್ತಪೂರ್ವ 2050ರಿಂದ 1750ರ ನಡುವೆ, ಮುನ್ನೂರು ವರ್ಷಗಳಲ್ಲಿ ಕಟ್ಟಿದವು. 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ 21 ನಿವೇಶನಗಳಲ್ಲಿ ಒಟ್ಟು 11,774 ದಿಣ್ಣೆಗಳಿವೆ. ಆಲಿಯಲ್ಲಿರುವ ರಾಜರ ದಿಣ್ಣೆಗಳು ಮನೆಗಳ ನಡುವೆ ಗುಡ್ಡಗಳಾಗಿ ನಿಂತಿವೆ. ಹಿಂದೆ ಇದ್ದ ದಿಣ್ಣೆಗಳು ಇದರ ಹಲವು ಪಟ್ಟು. ರಸ್ತೆಗೆ, ಬಡಾವಣೆಗೆ ಬಹಳಷ್ಟು ಹೋದವು. ಅದೇ ಊರಿನಲ್ಲಿ ಕುಂಬಾರರು ಇಂದಿಗೂ ಮಡಕೆ ಮಾಡುತ್ತಾರೆ. ಅಲ್ಲೊಂದು ಹೂಜಿ ಕೊಳ್ಳಿ, ಅದು ಅವರ ಅನ್ನ.

ಅವಳು: ಮುತ್ತಿನ ಮಾತು ಬಂದು ಹೋಯಿತು. ನನಗೆ ಅದೇ ಮುಖ್ಯ.

ಸನದಿನಾಕೆ: ಹಾಗಾದರೆ ಮುಹರ್ರಕ್‌ಗೆ ಒಂದು ಇಡೀ ದಿನ ಇಡಬೇಕು. ಬಹರೈನ್‌ನ ಸುತ್ತ ಕಡಲಿನ ಅಡಿಯಲ್ಲೂ ಸಿಹಿನೀರಿನ ಒರತೆಗಳಿದ್ದವು. ಮುತ್ತಿನ ದೋಣಿಯವರು ಉಪ್ಪುನೀರಿನೊಳಗೆ ಮುಳುಗಿ, ತೊಗಲಿನ ಚೀಲದ ಬಾಯನ್ನು ಒರತೆಗೆ ಹಿಡಿದು ಕುಡಿಯುವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರು. ಇಲ್ಲಿನ ಮುತ್ತಿನ ಕಾಂತಿಗೆ ಆ ಸಿಹಿನೀರೇ ಕಾರಣ ಎಂದು ಹಳಬರು ನಂಬಿದ್ದರು.

ಅವನು: ಆ ಕೆಲಸ ಹೇಗಿರುತ್ತಿತ್ತು?

ಸನದಿನಾಕೆ: ಬೇಸಿಗೆ ಪೂರ್ತಿ ಕಡಲಿನಲ್ಲೇ. ಮೂಗಿಗೆ ಆಮೆಚಿಪ್ಪಿನ ಚಿಮಟ, ಕೊರಳಲ್ಲಿ ಬುಟ್ಟಿ, ಕಾಲಿಗೆ ಕಲ್ಲು. ಒಂದೇ ಉಸಿರಿನಲ್ಲಿ ತಳ ಮುಟ್ಟಿ ಸಿಕ್ಕಷ್ಟು ಸಿಂಪಿ ಬಳಿದು ಹಗ್ಗ ಜಗ್ಗಿದರೆ ಮೇಲಿನವನು ಎಳೆದುಕೊಳ್ಳುತ್ತಾನೆ. ಮುಳುಗುವವನ ಪ್ರಾಣ ಎಳೆಯುವವನ ಕೈಯಲ್ಲಿ. ದೋಣಿಯ ಒಡೆಯ ನಾಖುದಾ ಮುಂಗಡ ಕೊಟ್ಟಿರುತ್ತಾನೆ, ಸಾಲ ಹರಿಯುವುದೇ ಇಲ್ಲ. ಜೂಜಿನ ಊರಿನಿಂದ ಬಂದವರು ನೀವು. ಬಡವನ ಉಸಿರನ್ನೇ ಪಣಕ್ಕಿಟ್ಟ ಆಟ ಇದಾಗಿತ್ತು. ಸಾವಿರ ಸಿಂಪಿ ಬಿಡಿಸಿದರೂ ಒಂದು ಒಳ್ಳೆಯ ಮುತ್ತು ಸಿಗುವ ಖಾತರಿಯಿಲ್ಲ. ಆ ದುಡಿಮೆಯಿಂದ ಹುಟ್ಟಿದ ಹಾಡು ಫಿಜಿರಿ. 2021ರಲ್ಲಿ ಯುನೆಸ್ಕೊ ಅದನ್ನೂ ಮನ್ನಿಸಿದೆ. ಮಡಕೆ ಮತ್ತು ಚರ್ಮವಾದ್ಯದ ತಾಳಕ್ಕೆ ಗಂಡಸರು ಗುಂಪಾಗಿ ಹಾಡುವುದನ್ನು ನೀವು ಕೇಳಲೇಬೇಕು. ಅಷ್ಟು ಭಾರವಾದ ದನಿ ನಾನು ಬೇರೆಲ್ಲೂ ಕೇಳಿಲ್ಲ.

ಅವಳು: ಆ ಮುತ್ತೆಲ್ಲ ಬೊಂಬಾಯಿಗೆ ಬರುತ್ತಿತ್ತಲ್ಲವೆ?

ಸನದಿನಾಕೆ: ಬಹುಪಾಲು. ಬೊಂಬಾಯಿಯೇ ಇಲ್ಲಿನವರ ಮಾರುಕಟ್ಟೆ. ಇಲ್ಲಿ ಚಲಾವಣೆಯಲ್ಲಿದ್ದದ್ದೂ ರೂಪಾಯಿ. 1965ರಲ್ಲಿ ದಿನಾರ್ ಬಂದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಲೆಕ್ಕ. ಅಷ್ಟರಲ್ಲಿ ಮುತ್ತಿನ ಕಾಲ ಮುಗಿದಿತ್ತು. ಜಪಾನಿನ ಕೃಷಿ ಮುತ್ತು ಬಂತು, 1930ರ ಹೊತ್ತಿಗೆ ಜಗತ್ತಿನ ಆರ್ಥಿಕ ಕುಸಿತ ಬಂತು, ಶ್ರೀಮಂತರ ಕೊರಳು ಬರಿದಾಯಿತು, ಇಲ್ಲಿ ಬಡವರ ಹೊಟ್ಟೆ ಬರಿದಾಯಿತು. 1932ರಲ್ಲಿ ಜೆಬೆಲ್ ದುಖಾನ್ ಬೆಟ್ಟದ ಬುಡದಲ್ಲಿ ಎಣ್ಣೆ ಸಿಕ್ಕಿತು, ಕೊಲ್ಲಿಯ ಅರಬ್ ದಡದಲ್ಲಿ ಅದೇ ಮೊದಲು. ದೋಣಿ ಬಿಟ್ಟವರು ಎಣ್ಣೆಯ ಕೆಲಸಕ್ಕೆ ಸೇರಿದರು.

ಅವನು: ಹಾಗಾದರೆ ಹಳೆಯದನ್ನು ಹೊಸದು ನುಂಗಿತು ಅನ್ನಬೇಕೋ, ಕಾಪಾಡಿತು ಅನ್ನಬೇಕೋ? ಎಣ್ಣೆ ಸಿಗದಿದ್ದರೆ ಆ ಜನ ಏನು ಮಾಡುತ್ತಿದ್ದರು?

ಸನದಿನಾಕೆ: ಕಾಪಾಡಿತು. ಅದರಲ್ಲಿ ಸಂಶಯವಿಲ್ಲ. ಹೊಸದು ಬಂತೆಂದು ನಾನು ಮರುಗುವುದಿಲ್ಲ. ಕಾಲಿಗೆ ಕಲ್ಲು ಕಟ್ಟಿಕೊಂಡು ಸಾಲದಲ್ಲಿ ಸತ್ತವರ ಮೊಮ್ಮಕ್ಕಳು ಶಾಲೆಗೆ ಹೋದರು, ಅದು ದೊಡ್ಡದು. ಆದರೆ ಎಣ್ಣೆಯ ಕಾಲ ಮುತ್ತಿನ ಕಾಲಕ್ಕೆ ಒಂದು ಋಣ ಉಳಿಸಿಕೊಂಡಿತ್ತು. ಅದನ್ನು ತೀರಿಸಲು ಹೊರಟದ್ದು ಮುಹರ್ರಕ್‌ನಲ್ಲಿ ಕಾಣುತ್ತದೆ. 2012ರಲ್ಲಿ ಯುನೆಸ್ಕೊ ಸೇರಿಸಿಕೊಂಡ ಮುತ್ತಿನ ದಾರಿ ಸುಮಾರು ಮೂರೂವರೆ ಕಿಲೋಮೀಟರ್. ಮೂರು ಸಿಂಪಿಯ ಹಾಸು ಕಡಲಿನೊಳಗೆ, ಬೂ ಮಾಹಿರ್ ಕೋಟೆ ದಡದಲ್ಲಿ, ಅಲ್ಲಿಂದ ಗಲ್ಲಿಗಳೊಳಗೆ 17 ಕಟ್ಟಡಗಳು. ಮುಳುಗುವವನ ಪುಟ್ಟ ಮನೆಯೂ ಇದೆ, ಸಿಯಾದಿ ಎಂಬ ಮುತ್ತಿನ ಸಾಹುಕಾರರ ಮಜ್ಲಿಸ್ ಎಂಬ ಚಾವಡಿ ಕೂಡ ಇದೆ. ಬಡವನ ಬಾಗಿಲನ್ನೂ ಸಾಹುಕಾರನ ಬಾಗಿಲನ್ನೂ ಒಂದೇ ದಾರಿಯಲ್ಲಿ ಇಟ್ಟದ್ದು ನನಗೆ ಬಹಳ ಮೆಚ್ಚುಗೆ.

ಅವನು: ಅಲ್ಲಿ ಹೊಸ ಕಟ್ಟಡಗಳೂ ಇವೆಯಂತಲ್ಲ?

ಸನದಿನಾಕೆ: ಅಲ್ಲಿಗೆ ನಿಮ್ಮನ್ನೇ ಮೊದಲು ಕರೆದೊಯ್ಯಬೇಕು. ಸ್ವಿಟ್ಜರ್‌ಲೆಂಡಿನ ವಾಸ್ತುಶಿಲ್ಪಿ ವಲೇರಿಯೊ ಓಲ್ಜಾಟಿ ಅಲ್ಲೊಂದು ಸ್ವಾಗತ ಕೇಂದ್ರ ಮಾಡಿದ್ದಾರೆ. ಹಳೆಯ ಪಾಳುಗೋಡೆಗಳನ್ನು ತೆಗೆಯದೆ, ಮುಟ್ಟದೆ, ಅವುಗಳ ಮೇಲೆ ಎತ್ತರದ ಕಂಬಗಳ ಕಾಂಕ್ರೀಟ್ ಚಪ್ಪರ ಹಾಕಿದ್ದಾರೆ. ಊರವರಿಗೆ ನೆರಳೂ ಆಯಿತು, ಪಾಳಿಗೆ ರಕ್ಷೆಯೂ ಆಯಿತು. ಕ್ರಿಸ್ಟಿಯನ್ ಕೆರೆಸ್ ಕಟ್ಟಿದ ಕಾರು ನಿಲ್ದಾಣಗಳಲ್ಲಿ ನೆಲವೇ ಬಾಗಿ ಮೇಲಂತಸ್ತಾಗುತ್ತದೆ. ಮುಹರ್ರಕ್‌ನ ಈ ಪುನರುಜ್ಜೀವನಕ್ಕೆ 2019ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಹಳೆಯದಕ್ಕೆ ಬೆನ್ನು ತಿರುಗಿಸಿ ನಿಲ್ಲುವ ಹೊಸದು ಒಂದು, ಹಳೆಯದರ ಮೇಲೆ ಕೊಡೆ ಹಿಡಿಯುವ ಹೊಸದು ಇನ್ನೊಂದು. ಎರಡರ ನಡುವಿನ ಅಂತರ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಅವಳು: ಮನಾಮದಲ್ಲಿ?

ಸನದಿನಾಕೆ: ಬಾಬ್ ಅಲ್ ಬಹರೈನ್. 1949ರ ಹೆಬ್ಬಾಗಿಲು. ಕಡಲಿನಿಂದ ಬಂದವರನ್ನು ಎದುರುಗೊಳ್ಳಲು ಕಟ್ಟಿದ್ದು. ಈಗ ಅದರ ಮುಂದೆ ನಿಂತರೆ ಕಡಲೇ ಕಾಣದು, ಅಷ್ಟು ದೂರಕ್ಕೆ ನೆಲ ಬೆಳೆದಿದೆ. ಒಳಗೆ ಹೋದರೆ ಸೂಕ್. ಮಸಾಲೆ, ಬಟ್ಟೆ, ಚಿನ್ನ, ಕರಕ್ ಚಹಾ. ಅದೇ ಗಲ್ಲಿಗಳಲ್ಲಿ ಸಿಂಧಿನ ಠಟ್ಟಾದಿಂದ ಬಂದ ವ್ಯಾಪಾರಿಗಳು ಕಟ್ಟಿದ ಶ್ರೀನಾಥಜಿ ಗುಡಿ ಇದೆ, ಇನ್ನೂರು ವರ್ಷ ಹಳೆಯದು. ಮುತ್ತಿನ ಕಾಲದಿಂದ ಇಂದಿನವರೆಗೆ ಇಲ್ಲಿಗೆ ದುಡಿಯಲು ಬಂದ ಭಾರತೀಯರು ಅದರ ಹೊಸ್ತಿಲು ದಾಟಿದ್ದಾರೆ. ಸಂಜೆ ನಮ್ಮ ಕನ್ನಡ ಸಂಘಕ್ಕೂ ಹೋಗಿ ಬರೋಣ. ಕರಾವಳಿಯವರು ಇಲ್ಲಿ ಯಕ್ಷಗಾನವನ್ನು ಬಿಟ್ಟುಕೊಟ್ಟಿಲ್ಲ.

ಅವನು: ಇನ್ನು ನನ್ನ ಸರದಿ. ನನ್ನ ಪಟ್ಟಿಯಲ್ಲಿ ಮೂರಿವೆ. ಗಾಳಿಯಂತ್ರದ ಅವಳಿ ಗೋಪುರ, ಮುಳುಗಿಸಿದ ವಿಮಾನ, ಫಾರ್ಮುಲಾ ಒನ್ ಓಟದ ದಾರಿ.

ಸನದಿನಾಕೆ: ಮೂರನ್ನೂ ನೋಡೋಣ. ವರ್ಲ್ಡ್ ಟ್ರೇಡ್ ಸೆಂಟರ್ 2008ರದು, 240 ಮೀಟರ್. ಎರಡು ಗೋಪುರಗಳು ಹಡಗಿನ ಹಾಯಿಗಳಂತೆ ಕಡಲಿನ ಗಾಳಿಯನ್ನು ನಡುವಿಗೆ ಹಾಯಿಸುತ್ತವೆ. ಅಲ್ಲಿ ಮೂರು ಗಾಳಿಯಂತ್ರಗಳು, ಒಂದೊಂದೂ 225 ಕಿಲೋವಾಟ್. ಮುಹರ್ರಕ್‌ನಲ್ಲಿ ಶೇಖ್ ಈಸಾ ಬಿನ್ ಅಲಿಯ ಮನೆಯ ಗಾಳಿಗೋಪುರವನ್ನು ಮೊದಲು ನೋಡಿದರೆ ಇದರ ಹಿರಿಯರು ಯಾರೆಂದು ಗೊತ್ತಾಗುತ್ತದೆ. ಫ್ಯಾನೂ ಏಸಿಯೂ ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದ ಗೋಪುರ ಅದು.

ಅವನು: ವಿಮಾನ?

ಸನದಿನಾಕೆ: ಡೈವ್ ಬಹರೈನ್. 2019ರಲ್ಲಿ ಸುಮಾರು ಎಪ್ಪತ್ತು ಮೀಟರ್ ಉದ್ದದ ಬೋಯಿಂಗ್ 747 ವಿಮಾನವನ್ನು ಶುಚಿಮಾಡಿ ಕಡಲಿನ ತಳಕ್ಕೆ ಇಳಿಸಿದರು. ಮುಳುಗು ಕಲಿತವರು ಅದರೊಳಗೆ ಈಜಬಹುದು. ಅದರ ಮೈಗೆ ಹವಳ ಹತ್ತಿ ಮೀನು ಸೇರಲಿ ಎಂಬುದು ಆಶಯ. ಅಜ್ಜಂದಿರು ಹೊಟ್ಟೆಗಾಗಿ ಮುಳುಗಿದ ಕಡಲಿಗೆ ಈಗ ಜನ ಖುಷಿಗಾಗಿ ಮುಳುಗುತ್ತಾರೆ. ಪರವಾನಗಿ ಪಡೆದು ಸಿಂಪಿ ಆರಿಸುವ ಅವಕಾಶವೂ ಇದೆ. ಮುಹರ್ರಕ್ ಕಂಡ ಮೇಲೆ ಆ ನೀರಿಗಿಳಿಯುವವರಿಗೆ ತಾವು ಯಾರ ದಾರಿಯಲ್ಲಿದ್ದೇವೆಂದು ತಿಳಿದಿರುತ್ತದೆ.

ಅವನು: ಆದರೆ ಓಟದ ದಾರಿ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಸಖೀರ್ ಮರಳುಗಾಡಿನ ನಡುವೆ ಇದೆ. ಅಲ್ಲಿ ಒರತೆಯೂ ಇಲ್ಲ, ತುಂಬಿದ ಕಡಲೂ ಇಲ್ಲ.

ಸನದಿನಾಕೆ: ನಿಜ, ಅದು ಎಣ್ಣೆಯ ನೆಲ. 2004ರಲ್ಲಿ ಮಧ್ಯಪ್ರಾಚ್ಯದ ಮೊದಲ ಗ್ರ್ಯಾನ್ ಪ್ರಿ ನಡೆದದ್ದು ಅಲ್ಲಿ. ಒಂದು ಸುತ್ತಿಗೆ 5.412 ಕಿಲೋಮೀಟರ್. ಮರಳು ಹಾರಿ ದಾರಿಗೆ ಬೀಳದಿರಲೆಂದು ಸುತ್ತಲಿನ ಮರಳಿಗೆ ಅಂಟು ಸಿಂಪಡಿಸುತ್ತಾರೆ. 2014ರಿಂದ ಓಟ ನಡೆಯುವುದು ರಾತ್ರಿಯ ದೀಪಗಳ ಕೆಳಗೆ. ಗೆದ್ದವರು ಇಲ್ಲಿ ಶಾಂಪೇನ್ ಎರಚುವುದಿಲ್ಲ. ಗುಲಾಬಿ ನೀರಿನ ಪಾನೀಯ. ಜಗತ್ತಿನ ಆಟವನ್ನು ತನ್ನ ಮನೆಗೆ ಕರೆಸಿಕೊಂಡು ತನ್ನ ಮನೆಯ ರೀತಿಯಲ್ಲಿ ಉಪಚರಿಸಿದ್ದು ನನಗೆ ಹಿಡಿಸಿತು. ಅಲ್ಲಿಂದ ಮುಂದೆ ಮರಳಿನಲ್ಲಿ ಹೋದರೆ ನಿಮ್ಮ ಆಕ್ಷೇಪಕ್ಕೆ ಉತ್ತರವೂ ಸಿಗುತ್ತದೆ.

ಅವಳು: ಜೀವವೃಕ್ಷವೇ?

ಸನದಿನಾಕೆ: ಹೌದು, ಶಜರತ್ ಅಲ್ ಹಯಾತ್. ಸುತ್ತ ಬೇರೆ ಯಾವ ಮರವೂ ಇಲ್ಲ. ಎತ್ತರ ಸುಮಾರು ಹತ್ತು ಮೀಟರ್, ವಯಸ್ಸು ನಾನೂರು ವರ್ಷವೆನ್ನುತ್ತಾರೆ. ಕಣ್ಣಿಗೆ ನೀರಿನ ಸೆಲೆ ಎಲ್ಲೂ ಕಾಣದು, ಆದರೆ ಬೇರು ಆಳದಲ್ಲೆಲ್ಲೋ ತೇವವನ್ನು ಮುಟ್ಟಿದೆ. ಅದು ಯಾವ ಮರ ಗೊತ್ತೆ? ಪ್ರೊಸೊಪಿಸ್ ಸಿನರೇರಿಯಾ. ಶಮೀವೃಕ್ಷ. ನಮ್ಮ ಬನ್ನಿ.

ಅವಳು: ವಿಜಯದಶಮಿಗೆ ಎಲೆ ಹಂಚಿ ‘ಬಂಗಾರದ ಹಾಗಿರೋಣ’ ಅನ್ನುವ ಬನ್ನಿಯೇ? ಪಾಂಡವರು ಆಯುಧ ಅಡಗಿಸಿಟ್ಟ ಮರ?

ಸನದಿನಾಕೆ: ಅದೇ. ಮೈಸೂರಿನ ಜಂಬೂಸವಾರಿ ಮುಟ್ಟುವುದು ಬನ್ನಿಮಂಟಪವನ್ನು. ಅದೇ ಕುಲದ ಮರ ಇಲ್ಲಿ ಎಣ್ಣೆಬಾವಿಗಳ ನಡುವೆ ಒಂಟಿಯಾಗಿ ನಿಂತಿದೆ. ಎಣ್ಣೆಯ ಕೊಳವೆಗಿಂತ ಬಹಳ ಮೊದಲೇ ಈ ನೆಲದಾಳಕ್ಕೆ ಇಳಿದದ್ದು ಅದರ ಬೇರು.

ಅವನು: ಈಗ ನಿಮ್ಮ ಮಾತು ನನಗೆ ಇಡಿಯಾಗಿ ಹಿಡಿಯಿತು. ಹೊಸದನ್ನು ನೋಡಬೇಡಿ ಅನ್ನುತ್ತಿಲ್ಲ ನೀವು. ಪ್ರತಿ ಜಾಗದಲ್ಲೂ ಇದನ್ನು ಸಾಕಿದ್ದು ಏನು, ಅದಕ್ಕೆ ಇದು ಏನು ಕೊಟ್ಟಿತು ಎಂದು ಕೇಳಿ ಅನ್ನುತ್ತಿದ್ದೀರಿ.

ಸನದಿನಾಕೆ: ಅಷ್ಟೇ. ವೇಗಸ್‌ನಲ್ಲೂ ನೀವು ಅದನ್ನು ಕೇಳಬಹುದಿತ್ತು. ಒರತೆ ಬತ್ತಿಸಿದ ಊರು ನಲವತ್ತೈದು ವರ್ಷದ ಮೇಲೆ ಆ ಒರತೆಯ ಜಾಗವನ್ನು ಉದ್ಯಾನ ಮಾಡಿ ಮಕ್ಕಳಿಗೆ ಅದರ ಕಥೆ ಹೇಳುತ್ತಿದೆ. ಅದೂ ಋಣ ತೀರಿಸುವ ಒಂದು ಬಗೆ, ಗೋಳದಷ್ಟೇ ನೋಡತಕ್ಕದ್ದು.

ಅವಳು: ಅಧಾರಿಯ ಗಾದೆ ಕೇಳಿದಾಗಿನಿಂದ ನನ್ನ ಮನಸ್ಸು ಶರಾವತಿಯ ಕಡೆ ಹೋಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು. ರಾಜ್ಯಕ್ಕೆಲ್ಲ ದೀಪ ಹತ್ತಿತು, ಬೆಂಗಳೂರಿನ ಕಾರ್ಖಾನೆ ನಡೆದವು. ನಮ್ಮ ಕಡೆಯ ಊರು, ತೋಟ, ಗುಡಿ ಮುಳುಗಿದವು. ತುಮರಿಯ ಕಡೆಯವರು ಹಿನ್ನೀರಿನಾಚೆ ಸಿಕ್ಕಿಕೊಂಡು ಬಾಣಂತಿಯನ್ನು ಕರೆದೊಯ್ಯಲೂ ಲಾಂಚಿಗೆ ಕಾದರು. ದೂರಕ್ಕೆ ಉಣಿಸಿ ಹತ್ತಿರವನ್ನು ಮರೆತ ಒರತೆ ನಮ್ಮಲ್ಲೂ ಇದೆ.

ಅವನು: ಆದರೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯಿತಲ್ಲ. ಎರಡು ಕಿಲೋಮೀಟರಿಗೂ ಉದ್ದ, ಕೇಬಲ್‌ನಲ್ಲಿ ತೂಗಿದ ಸೇತುವೆ. ಜನ ಅದನ್ನು ನೋಡಲೆಂದೇ ಬರುತ್ತಾರೆ. ನಾನು ಹೊಸದನ್ನು ಮೆಚ್ಚುವುದು ಇದಕ್ಕೇ. ಅರವತ್ತು ವರ್ಷದ ಒಂದು ಋಣವನ್ನು ಅದು ಸ್ವಲ್ಪ ತೀರಿಸಿದೆ.

ಸನದಿನಾಕೆ: ಅದನ್ನು ನೋಡಲು ಬರುವವರಿಗೆ ಸೇತುವೆಯ ಅಡಿಯಲ್ಲಿ ಮುಳುಗಿದ ಊರುಗಳ ಹೆಸರನ್ನು ಯಾರಾದರೂ ಹೇಳುತ್ತಾರೆಯೇ?

ಅವಳು: ಇಲ್ಲ. ಸೇತುವೆಯ ಜತೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹೇಳುವವರು ನಾವೇ ಆಗಬೇಕು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಬೇಡವೆಂದಿತು. ಆ ಸಿಟ್ಟು ಎಲ್ಲಿಂದ ಬಂತು ಎಂಬುದು ಸೇತುವೆ ನೋಡಿ ಹೋಗುವವರಿಗೆ ತಿಳಿಯಬೇಕು.

ಅವನು: ಮುಹರ್ರಕ್‌ನಲ್ಲಿ ಮೂರೂವರೆ ಕಿಲೋಮೀಟರ್ ದಾರಿಯಲ್ಲಿ ಮಾಡಿದ್ದನ್ನು ಅಂಬಾರಗೋಡ್ಲುವಿನಿಂದ ಕಳಸವಳ್ಳಿಯವರೆಗೆ ಮಾಡಲು ಸಾಧ್ಯವಿದೆ. ಯಾವ ಊರು ಎಲ್ಲಿತ್ತು, ಯಾರು ಎಲ್ಲಿಗೆ ಹೋದರು ಎಂದು ಬರೆದ ಕಲ್ಲುಗಳು. ಊರಿಗೆ ಹೋದ ಮೇಲೆ ಪಂಚಾಯಿತಿಯಲ್ಲಿ ಈ ಮಾತು ಎತ್ತುತ್ತೇನೆ. ಹಳೆಯ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಬರೆದಿಟ್ಟುಕೊಳ್ಳಬೇಕು.

ಸನದಿನಾಕೆ: ಹಾಗಾದರೆ ಮುತ್ತಿನ ದಾರಿಯನ್ನು ಬರೀ ಪ್ರವಾಸಿಗರಾಗಿ ನಡೆಯಬೇಡಿ. ಫಲಕಗಳನ್ನು ಹೇಗೆ ಬರೆದಿದ್ದಾರೆ, ಬಡವನ ಮನೆಗೆ ಎಷ್ಟು ಜಾಗ ಕೊಟ್ಟಿದ್ದಾರೆ, ನೆರಳು ಎಲ್ಲಿ ಮಾಡಿದ್ದಾರೆ ಎಂದು ಗಮನಿಸಿ ಬರೆದುಕೊಳ್ಳಿ. ದುಡ್ಡು ಕಳೆದು ಬರುವ ಊರು ಬಹಳ ಇವೆ; ಕೆಲಸ ಕಲಿತು ಬರುವ ಊರು ಇದಾಗಲಿ.